ಕಿವಿ ಮುಟ್ಟಿದ್ದು ಮೂರು ಸಲ

ಲೇ ಕಡ್ಡಿ,

ಇವತ್ತು ನಿನ್ನ ಸಾಕ್ಷ್ಯಚಿತ್ರಕ್ಕೆ ಮಾತಾಡಿ ಬಂದೆ. ಹದಿನೆಂಟು ವರ್ಷ ನಿನ್ನ ನಗೆಮಾತುಗಳನ್ನು ಬರೆದವನಿಗೆ ಮೊದಲ ಸಲ ಕುರ್ಚಿ ಹಾಕಿ, ಮುಖಕ್ಕೆ ಪೌಡರು ಬಳಿದರು. ನೀನು ಬದುಕಿದ್ದಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದೆ, ಅಷ್ಟು ಚೆನ್ನಾಗಿ ಮಾತಾಡಿದೆ.

ನಿನ್ನ ಕುಡಿತದ ಬಗ್ಗೆ ಕೇಳಿದರು. "ಬಾಟಲಿ ಹತ್ತಿರ, ಮನೆ ದೂರ, ಆದರೂ ನಗಿಸೋದರಲ್ಲಿ ಶೂರ" ಅಂದೆ. ಕ್ಯಾಮೆರಾದವನು ನಕ್ಕ ರಭಸಕ್ಕೆ ಚಿತ್ರವೇ ಅಲುಗಾಡಿತು.

ಆಮೇಲೆ ನಿರ್ದೇಶಕಿ ನಿನ್ನ ಕೊನೆಯ ಕಾರ್ಯಕ್ರಮ ಹಾಕಿ ತೋರಿಸಿದಳು. ಡಾಕ್ಟರ ಪ್ರಸಂಗದ ನಡುವೆ ನೀನು ಸುಮ್ಮನೆ ನಿಂತುಬಿಟ್ಟೆ. ಎಡಗಿವಿ ಮುಟ್ಟಿಕೊಂಡೆ, ಜನ ನಕ್ಕರು. ವೇದಿಕೆಯ ಪರದೆಯ ಪಕ್ಕಕ್ಕೆ ನೋಡಿ ಮತ್ತೆ ಮುಟ್ಟಿಕೊಂಡೆ. ಇನ್ನೂ ಜೋರಾಗಿ ನಕ್ಕರು. ಮೂರನೆಯ ಸಲಕ್ಕೆ ಎದ್ದು ನಿಂತು ಚಪ್ಪಾಳೆ ಹೊಡೆದರು.

"ಇದೇ ಅಲ್ವಾ ಸರ್ ಅವರ ಸ್ಟೈಲು? ಎಲ್ಲಿಂದ ಬಂತು ಇದು?" ಎಂದಳು.

"ಹುಟ್ಟಿನಿಂದ್ಲೇ ಬಂದಿದ್ದಮ್ಮ," ಅಂದೆ, ಎದೆಯುಬ್ಬಿಸಿ.

ಮಾತು ಮರೆತಾಗ ನೀನು ಕಿವಿ ಮುಟ್ಟುತ್ತಿದ್ದೆ, ಪರದೆಯ ಪಕ್ಕದ ಸ್ಟೂಲಿನಲ್ಲಿ ಕೂತು ನಾನು ಆ ಮಾತನ್ನು ಪಿಸುಗುಟ್ಟಿ ಎತ್ತಿಕೊಡುತ್ತಿದ್ದೆ ಅನ್ನುವುದು ನಮ್ಮಿಬ್ಬರಿಗೇ ಗೊತ್ತು. ಆ ದಿನ ಸ್ಟೂಲು ಖಾಲಿ. ಪೋಸ್ಟರಿನಲ್ಲಿ ನೀನು ನನ್ನ ಹೆಸರು ಹಾಕಿಸಲಿಲ್ಲವೆಂದು ಮುನಿಸಿಕೊಂಡು ನಾನು ಮನೆಯಲ್ಲಿ ಇಸ್ತ್ರಿ ಮಾಡುತ್ತಿದ್ದೆ. ಏಳು ಅಂಗಿ, ಒಂದರಲ್ಲೂ ಸುಕ್ಕಿಲ್ಲ.

ನೀನು ಹುಡುಕುತ್ತಿದ್ದ ಮಾತು ನನಗೆ ಈಗಲೂ ಬಾಯಿಪಾಠ:

"ನಿದ್ದೆ ಬರಲ್ಲ ಡಾಕ್ಟ್ರೇ ಅಂತ ಹೇಳೋಕೆ ಬಂದೆ;
ನಿಮ್ಮ ಕ್ಯೂನಲ್ಲಿ ನಿಂತೇ ಒಂದು ನಿದ್ದೆ ಮುಗಿಸಿ ಎದ್ದೆ."

ಹೇಳು ಕಣೋ, ಜನ ಕಾಯ್ತಿದ್ದಾರೆ.