ನಮ್ಮೂರ ಬಾವಿಯ ಪಾವಟಿಗೆ

ಅಪ್ಪಾ,

ನಿನ್ನ ನೀಲವ್ವನ ಶರಣು. ನೀನು ಹೋಗಿ ಒಂಬತ್ತು ವರ್ಷವಾಯಿತು. ಇಷ್ಟು ದಿನ ಒಂದು ಸಾಲೂ ಬರೆಯದವಳು ಈಗ ಕುಳಿತಿದ್ದೇನೆ ಎಂದರೆ ಏನೋ ತಪ್ಪು ಮಾಡಿದ್ದಾಳೆ ಎಂದು ನಿನಗೆ ತಿಳಿದೇ ತಿಳಿಯುತ್ತದೆ. ಹೌದು, ಮಾಡಿದ್ದೇನೆ. ಹೋದ ವರ್ಷ ಬಾವಿಯ ದಂಡೆಯಲ್ಲಿ, ಊರ ಮಂದಿಯ ನಡುವೆ ನಿಂತು, ನಿನ್ನ ಮೇಲೆ ತಪ್ಪು ಹೊರಿಸಿದೆ. ಮೊನ್ನೆ ಮೊನ್ನೆ ಗುರಪ್ಪಜ್ಜ ತೀರಿಕೊಂಡು ನಿನ್ನ ಕಡೆಗೇ ಹೊರಟ. ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ನಿನಗೆ ಗೊತ್ತಲ್ಲ. ಅವನು ಹೇಳುವ ಮೊದಲೇ ನಾನು ಹೇಳಬೇಕು.

ನಾನು ಆರನೇ ಇಯತ್ತೆಯಲ್ಲಿದ್ದಾಗಿನ ಬೇಸಿಗೆ ನೆನಪಿದೆಯೆ? ಮದುವೆಯ ಹಂಗಾಮು. ಸೀರೆ ಬೇಗ ಮುಗಿಸು ಎಂದು ಇಳಕಲ್ಲಿನ ಸಾವಕಾರ ದಿನಾ ಆಳು ಕಳಿಸುತ್ತಿದ್ದ. ಆಗಲೇ ನಿನ್ನ ಬಲಗಾಲಿನಲ್ಲಿ ಗುಳ್ಳೆ ಎದ್ದು ಒಡೆದು, ಬಿಳಿ ಎಳೆಯಂಥ ಹುಳ ತಲೆ ಹೊರಹಾಕಿತು. ನಾರು ಹುಣ್ಣು. ಅವ್ವ ಅದನ್ನು ಬೆಂಕಿಕಡ್ಡಿಗೆ ದಿನಕ್ಕೆ ಒಂದೊಂದೇ ಸುತ್ತು ಸುತ್ತುವಾಗ ನೀನು, "ನೇಕಾರನ ಕಾಲಾಗೂ ಎಳಿ ಹುಟ್ಟೇತಿ ನೋಡ, ಇನ್ನ ನೂಲು ತರೂದ ಬ್ಯಾಡ" ಎಂದು ನಮ್ಮನ್ನು ನಗಿಸಿದೆ. ಆದರೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಡಲು ನಿನ್ನಿಂದ ಆಗಲಿಲ್ಲ. ಅರ್ಧ ನೇಯ್ದ ಸೀರೆ ತಿಂಗಳುಗಟ್ಟಲೆ ಹಾಗೇ ನಿಂತಿತು.

"ಕಾಲಿಗೆ ಬೆಂಕಿ ಹಚ್ಚಿದಂಗ ಆಗೇತಿ, ಬಾವಿತನಕ ಕೈ ಹಿಡಿಯವ್ವಾ" ಎನ್ನುತ್ತಿದ್ದೆ ನೀನು. ಸಾಲಿ ಬಿಟ್ಟು ಬಂದವಳೇ ನಿನ್ನನ್ನು ಕರೆದೊಯ್ಯುತ್ತಿದ್ದೆ. ನಮ್ಮದು ಮೆಟ್ಟಿಲು ಇಳಿದು ನೀರು ತುಂಬುವ ಬಾವಿ. ಪಾವಟಿಗೆಗಳನ್ನು ಒಂದೊಂದೇ ಇಳಿಸಿ, ಕೊನೆಯ ಕಲ್ಲಿನ ಮೇಲೆ ಕೂರಿಸಿ, ನಿನ್ನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ನೀರಿನಲ್ಲಿ ಇಡುತ್ತಿದ್ದೆ. ಆಗ ನಿನ್ನ ಮುಖ ಹೇಗೆ ಸಡಿಲವಾಗುತ್ತಿತ್ತು! ಕೊಡ ತುಂಬುತ್ತಿದ್ದ ಹೆಂಗಸರು, "ಪಾಪ, ಕುಂಡ್ರು ಮಲ್ಲಪ್ಪಣ್ಣಾ" ಎಂದು ಸರಿದು ಜಾಗ ಬಿಡುತ್ತಿದ್ದರು. ಬೇಡ ಎಂದು ಯಾರು ತಾನೇ ಅನ್ನುತ್ತಿದ್ದರು?

ಮರುವರ್ಷದ ಬೇಸಿಗೆಗೆ ಎದುರು ಮನೆಯ ಹನುಮವ್ವನ ಮಗಳು ಶಾಂತಾಳ ಮೊಣಕಾಲಿನಲ್ಲಿ ಗುಳ್ಳೆ ಎದ್ದಿತು. ನನ್ನದೇ ವಯಸ್ಸಿನವಳು, ಸಾಲಿ ಬಿಟ್ಟು ಮನೆಯಲ್ಲಿದ್ದ ನನ್ನ ಗೆಳತಿ. ಯಾರೋ ಅವಸರಪಟ್ಟು ಎಳೆದರು, ಹುಳ ಒಳಗೇ ಹರಿದು ತುಂಡಾಯಿತು. ಮೊಣಕಾಲು ಬಾತು ಕೀವಾಗಿ, ಕೊನೆಗೆ ಮಡಚದೆ ಹಾಗೇ ಉಳಿಯಿತು. ನೀನು ದಿನಾ ಹೋಗಿ ಅವಳ ಹಾಸಿಗೆಯ ಬಳಿ ಕುಳಿತು ಕಥೆ ಹೇಳಿ ಬರುತ್ತಿದ್ದೆ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. "ಕೂಸಿನ ಹಣೇಬಾರ" ಎಂದೆ. ಎರಡು ಮಳೆಗಾಲದ ನಂತರ ಜ್ವರದಲ್ಲಿ ತೀರಿಕೊಂಡಾಗಲೂ ನೀನು ಹಾಗೆಯೇ ನಂಬಿಕೊಂಡು ಹೋದೆ.

ನಂಬಿಕೊಂಡೇ ಇರಲು ನನಗೆ ಆಗಲಿಲ್ಲ. ಬಾಗಲಕೋಟೆಯಲ್ಲಿ ನರ್ಸ್ ತರಬೇತಿಗೆ ಸೇರಿದ ಮೊದಲ ತಿಂಗಳು, ಪಾಠ ಹೇಳುವ ಅಕ್ಕೋರು ಗೋಡೆಗೆ ಒಂದು ದೊಡ್ಡ ಚಿತ್ರ ತೂಗುಹಾಕಿದರು. ಬಾವಿಯ ಮೆಟ್ಟಿಲು, ನೀರೊಳಗೆ ಇಳಿಬಿಟ್ಟ ಒಂದು ಕಾಲು. ಹುಣ್ಣಿನ ಕಾಲು ನೀರು ಮುಟ್ಟಿದ ಕೂಡಲೇ ಹುಳ ತನ್ನ ಮರಿಗಳನ್ನು ನೀರಿಗೆ ಬಿಡುತ್ತದಂತೆ. ಕಣ್ಣಿಗೆ ಕಂಡೂ ಕಾಣದ ನೀರಿನ ಜೀವಿ ಅವನ್ನು ನುಂಗುತ್ತದೆ, ಆ ನೀರನ್ನು ಸೋಸದೆ ಕುಡಿದವರ ಮೈಯಲ್ಲಿ ವರ್ಷವಿಡೀ ಬೆಳೆದು ಮರುಬೇಸಿಗೆಗೆ ಹೊರಬರುತ್ತದೆ. ಉಳಿದ ಹುಡುಗಿಯರು ಬರೆದುಕೊಂಡರು. ನಾನು ಬೆರಳೆಣಿಸಿದೆ. ನಿನ್ನ ಬೇಸಿಗೆ, ಆಮೇಲೆ ಶಾಂತಾಳ ಬೇಸಿಗೆ...

ಆಮೇಲೆ ನನ್ನನ್ನು ನಮ್ಮೂರಿಗೇ ನರ್ಸಾಗಿ ಹಾಕಿದರು. ಹೋದ ವರ್ಷ ಬೇಸಿಗೆಗೆ ಮೊದಲೇ ಬಿಜಾಪುರದಿಂದ ಜೀಪಿನಲ್ಲಿ ಬಂದ ಸಾಹೇಬರು ಪಾವಟಿಗೆ ಮುಚ್ಚಿ, ಕಟ್ಟೆ ಕಟ್ಟಿ, ಹಗ್ಗ ಎಳೆಯುವ ಗಡಗಡಿ ಹಾಕಬೇಕೆಂದರು. ಊರು ಕೇಳುತ್ತದೆಯೆ? "ನಮ್ಮಜ್ಜ ಮುತ್ತಜ್ಜ ಕುಡದ ನೀರಿಗೆ ಹೆಸರ ಇಡ್ತೀರೇನ್ರಿ?" ಎಂದ ಗುರಪ್ಪಜ್ಜ. "ಬೋರಿಂಗ್ ನೀರಾಗ ಬ್ಯಾಳಿ ಬೇಯೂದಿಲ್ಲ. ಇನ್ನ ಇದನ್ನೂ ಮುಚ್ಚಿ ಏನ ಗಾಳಿ ಕುಡೀಬೇಕೇನ?" ಎಲ್ಲರೂ ನಕ್ಕರು. ಸಾಹೇಬರು ಜೀಪಿನ ಕಡೆ ನೋಡತೊಡಗಿದರು. ಅವರು ಹೋದರೆ ಇನ್ನೆಷ್ಟು ಬೇಸಿಗೆ, ಇನ್ನೆಷ್ಟು ಮೊಣಕಾಲು? ಆಗ ನನ್ನ ಬಾಯಿಂದ ಬಂದುಬಿಟ್ಟಿತು.

"ನಮ್ಮಪ್ಪ ಆ ಕಲ್ಲಿನ ಮ್ಯಾಲೆ ಕುಂತು ಕಾಲ ಇಳಿಬಿಟ್ಟಿದ್ದು ನೆನಪೈತಿಲ್ರಿ? ಶಾಂತಾನ ಮೊಣಕಾಲಿಗೆ ಬಂದದ್ದು ಅಲ್ಲಿಂದನ."

ಹನುಮವ್ವ ಮುಂದೆ ಬಂದು ನನ್ನ ಮುಖವನ್ನೇ ನೋಡಿ, "ಅಂದ್ರ ನನ್ನ ಮಗಳ ಕಾಲು ನಿಮ್ಮಪ್ಪ ತಿಂದನೇನ?" ಎಂದಳು. ಗುರಪ್ಪಜ್ಜನೇ ಕೋಲು ಊರಿಕೊಂಡು ಮೆಲ್ಲಗೆ ಎದ್ದ. "ಹಂಗಾರ ಮಲ್ಲಪ್ಪ ಒಬ್ಬನ ಅಲ್ಲ ಬಿಡು, ಹನುಮವ್ವಾ. ಹ್ವಾದ ಬ್ಯಾಸಗಿಗೆ ನಾನೂ ಹುಣ್ಣಿನ ಕಾಲ ಇಟ್ಟೇನಿ." ಗಂಡಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕಾಲು ನೋಡಿಕೊಂಡರು. ಮರುವಾರ ಕಲ್ಲು ಕಟ್ಟುವ ಗವಂಡಿ ಬಂದ, ಪಾವಟಿಗೆ ಮುಚ್ಚಿತು, ಕಟ್ಟೆ ಎದ್ದು ಗಡಗಡಿ ಬಂತು.

ಆದರೆ ಅಪ್ಪಾ, ನನ್ನನ್ನು ಕೊರೆಯುವುದು ಬೇರೆ. ನಿನ್ನ ಹೆಸರು ಹೇಳಿದವಳು ನನ್ನ ಹೆಸರು ಹೇಳಲಿಲ್ಲ. ನಿನ್ನನ್ನು ಇಳಿಸಿದ್ದು ಯಾರು? ಕಾಲು ಎತ್ತಿ ನೀರಿನಲ್ಲಿ ಇಟ್ಟ ಕೈ ಯಾರದು? ಸತ್ತವನು ಎದುರಾಡುವುದಿಲ್ಲ ಎಂದೇ ನಿನ್ನನ್ನು ಮುಂದೆ ಮಾಡಿದೆನೇನೋ. ಅಂಜುಬುರುಕಿ ನಾನು. ಹನುಮವ್ವ ನಮ್ಮ ಮನೆಯ ಕಡೆ ತಿರುಗಿ ನೋಡದೆ ವರ್ಷದ ಮೇಲಾಯಿತು. ಅವ್ವ ಆ ದಿನವೂ ಎಂದಿನಂತೆ ರೊಟ್ಟಿ ಬಡಿಸಿದಳು. ಬೈದಿದ್ದರೆ ಚಲೋ ಇತ್ತು.

ನಿನ್ನೆ ತಡೆಯಲಾಗದೆ ಶಾಂತಾಳ ಹತ್ತಿರ ಹೋದೆ. ಅವಳು ಹೊಸ್ತಿಲಲ್ಲಿ ಕಾಲು ನೀಡಿಕೊಂಡು ನೂಲು ಸುತ್ತುತ್ತಿದ್ದಳು. ಎಲ್ಲ ಹೇಳಿದೆ. ಅವಳು ರಾಟಿ ನಿಲ್ಲಿಸಲಿಲ್ಲ.

"ನೀ ಸಾಲಿಗೆ ಹ್ವಾದ ಹೊತ್ತಿನ್ಯಾಗ ಮಲ್ಲಪ್ಪ ಕಾಕಾನ ಬಾವಿಗೆ ಯಾರು ಕರಕೊಂಡು ಹೊಕ್ಕಿದ್ರಂತ ತಿಳದಿ, ಹುಚ್ಚಿ?" ಎಂದಳು. "ನಾನ. ಇನ್ನಷ್ಟು ಒಳಗ ಇಡು ಕಾಕಾ, ತಂಪ ಅಕ್ಕೈತಿ ಅಂದಾಕೀನೂ ನಾನ. ಬಾವಿ ದಂಡ್ಯಾಗ ನೀ ಮಾತಾಡಿದ ದಿನಾನ ನನಗ ತಿಳೀತು. ಅವ್ವಗ ಹೇಳಿಲ್ಲ, ನೀನೂ ಹೇಳಬ್ಯಾಡ."

ನನಗೆ ಅಳು ಬಂತು, ಅಪ್ಪಾ. ಅವಳ ಹುಣ್ಣು ಆ ನೀರಿನದೇ ಎಂದು ನಿನಗೆ ಗೊತ್ತಿತ್ತೆ? ಗೊತ್ತಿದ್ದೇ ಗೋಡೆಗೆ ಮುಖ ಮಾಡಿದೆಯಾ, ಇಲ್ಲ...

ಈ ಬೇಸಿಗೆ ಮುಗಿದು ಮಳೆ ಹಿಡಿಯಿತು. ನಮ್ಮೂರಲ್ಲಿ ಒಬ್ಬರಿಗೂ ನಾರು ಹುಣ್ಣು ಏಳಲಿಲ್ಲ. ಮನೆ ಮನೆ ತಿರುಗಿ, ಎಲ್ಲರ ಕಾಲು ಮುಟ್ಟಿ ನೋಡಿ ಬಂದೇ ಬರೆಯುತ್ತಿದ್ದೇನೆ.

ಇನ್ನೊಂದು ಸುದ್ದಿ. ಮಡಚದ ಕಾಲಿನಲ್ಲಿ ಶಾಂತಾ ಅಷ್ಟು ವರ್ಷ ಪಾವಟಿಗೆ ಇಳಿದವಳೇ ಅಲ್ಲ. ಯಾರೋ ತಂದುಕೊಟ್ಟ ನೀರು ಕುಡಿದೇ ಬೆಳೆದವಳು. ಇವತ್ತು ಮುಂಜಾನೆ ಕಟ್ಟೆಗೆ ಒರಗಿ, ನೆಟ್ಟಗೆ ನಿಂತು, ತಾನೇ ಹಗ್ಗ ಎಳೆದು, ಬಾಯಿಗೆ ಅರಿವೆ ಕಟ್ಟಿದ ಕೊಡ ತುಂಬಿಕೊಂಡಳು. ಕುಂಟುತ್ತ ಸೀದಾ ನಮ್ಮ ಮನೆಗೆ ಬಂದು, ನಾನು ಬೇಡವೆಂದರೂ ಕೇಳದೆ ತಂಬಿಗೆ ತುಂಬಿ ಕೈಗೆ ಕೊಟ್ಟಳು.

"ಕುಡಿ, ನರ್ಸಬಾಯಿ. ಸೋಸೇನಿ."