ಫೇಲಾದ ಬೋರಿಗೆ ಹೆಸರು ಹೇಳಬಾರದು

ತೋಟದ ಮನೆ, ಬೈರಕೂರು ಹೋಬಳಿ
ಮುಳಬಾಗಿಲು ತಾಲ್ಲೂಕು
ಭಾನುವಾರ, ೨೦ ಜುಲೈ ೨೦೨೫

ಪ್ರೀತಿಯ ಶ್ವೇತಾ,

ಅಜ್ಜಿಯ ಆಶೀರ್ವಾದ. ನಿನ್ನ ಎಡಗಾಲಿನ ಊತ ಇಳಿಯಿತಾ? ಧಾರವಾಡದ ಹಾಸ್ಟೆಲಿನ ಮೆಟ್ಟಿಲಲ್ಲಿ ಜಾರಿ ಬಿದ್ದೆಯಂತೆ. ಹುಣಸೆಹಣ್ಣಿಗೆ ಉಪ್ಪು, ಅರಿಶಿನ ಹಾಕಿ ಕುದಿಸಿ ಬಿಸಿಬಿಸಿಯಾಗಿ ಪಟ್ಟು ಹಾಕಿಕೋ, ಹಾಸ್ಟೆಲಲ್ಲಿ ಒಲೆ ಸಿಗದಿದ್ದರೆ ಅಡುಗೆಯವಳನ್ನು ಅಕ್ಕ ಅಂತ ಕರೆದು ಪುಸಲಾಯಿಸು, ನಿನಗೆ ಅದು ಚೆನ್ನಾಗಿ ಬರುತ್ತದೆ. ಬಿದ್ದದ್ದನ್ನು ನೀನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ಗೊತ್ತು. ಮತ್ತೆ ಈ ಮುದುಕಿಗೆ ಯಾರು ಹೇಳಿದರು ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡ, ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ನಿಮ್ಮಪ್ಪ ಮೂರ್ತಿ ಚೆನ್ನಾಗಿದ್ದಾನೆ, ಬೇನಿಷಾ ಮಾವಿನಕಾಯಿ ಇಳಿಸಿ ಶ್ರೀನಿವಾಸಪುರದ ಮಂಡಿಗೆ ಹಾಕಿಬಂದ, ರೇಟು ಸರಿಯಿಲ್ಲ ಅಂತ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ನಿನ್ನ ಗಂಡ ವೇಣು ಮಾಲೂರಿನ ಫ್ಯಾಕ್ಟರಿಯಿಂದ ಹೋದ ವಾರ ಬಂದು ಮಗಳಿಗೆ ಬ್ಯಾಗು ಕೊಡಿಸಿ ಹೋದ. ನಿನ್ನ ಮಗಳು ಸಹನ ಈ ಶುಕ್ರವಾರದಿಂದ ಸರಿಯಾಗಿದ್ದಾಳೆ, ಎರಡು ಹೊತ್ತೂ ಊಟ ಮಾಡುತ್ತಾಳೆ. ಮೊದಲು ಈ ಮಾತು ಓದಿಕೊಂಡು, ಸಮಾಧಾನ ಮಾಡಿಕೊಂಡು, ಆಮೇಲೆ ಮುಂದಕ್ಕೆ ಓದು.

ಇಷ್ಟನ್ನು ಫೋನಲ್ಲೇ ಹೇಳಬಹುದಿತ್ತಲ್ಲ ಅಂತೀಯ. ಆಗುವುದಿಲ್ಲ ಕಣೇ. ಈ ವಿಷಯ ಎತ್ತಿದರೆ ಹೆಸರುಗಳು ಬಾಯಿಗೆ ಬರುತ್ತವೆ, ನಮ್ಮ ಮನೆಯೋ ತೋಟದ ನಡುಮಧ್ಯ ಇದೆ. ಬರೆದರೆ ಸದ್ದಾಗುವುದಿಲ್ಲ. ಯಲ್ದೂರು ಶಾಲೆಯ ಏಳನೇ ಕ್ಲಾಸು ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು ಅಂದುಕೋ.

ನೀನು ಕೆಲಸ ಮಾಡುವ ಟ್ರಸ್ಟಿನವರಿಂದ ನಮ್ಮೂರಿಗೆ ಅನುದಾನ ಕೊಡಿಸಿದೆ ಅಂತ ಹೋಗುವ ಮುಂಚೆ ನೀನು ಎಷ್ಟು ಸಂಭ್ರಮಪಟ್ಟೆ. ಫೇಲಾದ ಬೋರಿನ ಸುತ್ತ ಗುಂಡಿ ತೆಗೆದು ಮಳೆನೀರು ಇಂಗಿಸುವುದು, ಅದನ್ನೇ ತೋರಿಸಿ ಶಾಲೆ ಮಕ್ಕಳಿಗೆ ಪರಿಸರದ ಪಾಠ ಮಾಡುವುದು. ಒಳ್ಳೆಯ ಕೆಲಸ, ನಾನು ಬೇಡ ಅನ್ನಲಿಲ್ಲ. ನಮ್ಮ ತೋಟದ ಬೋರು ಬೇಡ, ಬೇರೆಯವರದು ನೋಡು ಅಂದೆ, ಅಷ್ಟೇ. ಅಜ್ಜಿಗೆ ತೋಟದ ಮೇಲೆ ಆಸೆ ಅಂತ ನೀನೂ ನಿಮ್ಮಪ್ಪನೂ ಸೇರಿಕೊಂಡು ನಕ್ಕಿರಿ. ನೀನು ಅತ್ತ ಧಾರವಾಡಕ್ಕೆ ಟ್ರೈನಿಂಗಿಗೆ ಹೋದೆ, ಇತ್ತ ಜೆಸಿಬಿ ಬಂತು. ತಾತ ಮುಚ್ಚಿದ್ದ ಚಪ್ಪಡಿಯನ್ನು ಎತ್ತಿ ಬೇಲಿ ಪಕ್ಕಕ್ಕೆ ಹಾಕಿದರು. ಗುಂಡಿ ತೆಗೆದರು, ಪೈಪಿಗೆ ತೂತು ಕೊರೆದು ಬಲೆ ಸುತ್ತಿದರು, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿದರು. ಅಚ್ಚುಕಟ್ಟಾದ ಕೆಲಸ, ಬೆರಳು ತೋರಿಸುವ ಹಾಗಿಲ್ಲ. ಪೈಪಿನ ಬಾಯಿ ಮಾತ್ರ ಮಕ್ಕಳಿಗೆ ತೋರಿಸಬೇಕು ಅಂತ ತೆರೆದೇ ಇಟ್ಟರು.

ಆ ಬೋರು ಕೊರೆಸಿದಾಗ ನಿನಗೆ ಐದು ವರ್ಷ. ಏಳುನೂರು ಅಡಿ ಹೋದರೂ ಬರೀ ಧೂಳು ಬಂತು. ರಿಗ್ ಗಾಡಿ ಹೋದ ಮೇಲೆ ನಿನ್ನ ತಾತ ತಾವೇ ಚಪ್ಪಡಿ ಎಳೆದು ಮುಚ್ಚಿ, ಕುಂಕುಮ ಇಟ್ಟು, ಒಂದು ಚೊಂಬು ನೀರು ಹೊಯ್ದರು. ಆಮೇಲೆ ಮನೆಯವರನ್ನೆಲ್ಲ ಕರೆದು ತೆಲುಗಿನಲ್ಲಿ ಹೇಳಿದರು, "ಇಕ್ಕಡ ಎವರಿನೀ ಪೇರು ಪೆಟ್ಟಿ ಪಿಲವೊದ್ದು." ಇಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯಬೇಡಿ ಅಂತ. ಅವರ ಹಿರಿಯರು ಬತ್ತಿದ ಬಾವಿಗೆ ಪಾಲಿಸುತ್ತಿದ್ದ ಕ್ರಮವೇ ಬೋರಿಗೂ ಬಂತು. ನೀರಿಗೆ ಅಂತ ತೋಡಿದ ಜಾಗದಲ್ಲಿ ನೀರು ಬರದಿದ್ದರೆ ಅದು ಹಸಿದಿರುತ್ತದೆ, ಹೆಸರು ಕೇಳಿಸಿದರೆ ಇಟ್ಟುಕೊಳ್ಳುತ್ತದೆ, ಇಟ್ಟುಕೊಂಡದ್ದನ್ನು ಕರೆಯುತ್ತದೆ ಅನ್ನುತ್ತಿದ್ದರು. ನನಗೇನೂ ಕಷ್ಟವಾಗಲಿಲ್ಲ, ನಾನು ಗಂಡನ ಹೆಸರು ಹೇಳುವ ಕಾಲದವಳಲ್ಲ. ಕೂಲಿಯಾಳುಗಳೂ ಆ ಮೂಲೆಗೆ ಹೋದರೆ "ಏಯ್", "ಇಲ್ನೋಡು" ಅಂತಲೇ ಕೂಗುತ್ತಿದ್ದರು. ಅದೇ ವರ್ಷ ಮಾವು ಹೂ ಬಿಡುವ ಹೊತ್ತಿಗೆ ತಾತ ಹೋಗಿಬಿಟ್ಟರು. ಮಧ್ಯಾಹ್ನ ಮುದ್ದೆಗೆ ಕೈಯಿಟ್ಟವರು "ಬಂದೆ" ಅಂತ ಹೇಳಿ ಎದ್ದು ತೋಟಕ್ಕೆ ನಡೆದರು. ಹೋಗಿ ನೋಡಿದರೆ ಚಪ್ಪಡಿಗೆ ಒರಗಿ ಕೂತಿದ್ದರು, ಕೈಯ ಎಂಜಲು ಇನ್ನೂ ಒಣಗಿರಲಿಲ್ಲ. ಡಾಕ್ಟರು ಹಾರ್ಟು ಅಂದರು.

ಈಗ ಪಾಠದ ದಿನಕ್ಕೆ ಬರುತ್ತೇನೆ. ಟ್ರಸ್ಟಿನಿಂದ ಪಾಠ ಮಾಡಲು ಬಂದ ಉಮಾಶಂಕರ್ ಒಳ್ಳೆಯ ಹುಡುಗ, ಮಾತಿಗೆ ಮುಂಚೆ ಅಜ್ಜಿ ಅಂತಾನೆ. ಅಂತರ್ಜಲ ಎಷ್ಟು ಕೆಳಗೆ ಹೋಗಿದೆ, ನಮ್ಮ ಕೋಲಾರದ ಕಡೆ ಯಾಕೆ ಹೀಗಾಯಿತು ಅಂತ ಮಕ್ಕಳಿಗೆ ತಿಳಿಯುವ ಹಾಗೆ ಹೇಳಿದ. ನಾನು ಮಕ್ಕಳಿಗೆ ಮಜ್ಜಿಗೆ ತೆಗೆದುಕೊಂಡು ಹೋಗಿದ್ದೆ. ಅಷ್ಟರಲ್ಲಿ ಅವನು, "ಈಗ ಎಲ್ಲರೂ ಭೂಮಿತಾಯಿಗೆ ನಿಮ್ಮ ಪರಿಚಯ ಮಾಡ್ಕೊಳ್ಳಿ, ಪೈಪಿನ ಹತ್ರ ಬಾಯಿಟ್ಟು ಜೋರಾಗಿ ಹೆಸರು ಹೇಳಿ, ಎಷ್ಟು ಆಳ ಇದೆ ಅಂತ ಗೊತ್ತಾಗುತ್ತೆ" ಅಂದುಬಿಟ್ಟ. ನನ್ನ ಕೈಲಿದ್ದ ಲೋಟಗಳು ಬಿದ್ದುಹೋದವು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಮಕ್ಕಳು ಸಾಲು ನಿಂತಾಗಿತ್ತು. ಒಬ್ಬೊಬ್ಬರೂ ಬಗ್ಗಿ ಹೆಸರು ಹೇಳಿದರು, ಒಳಗಿನಿಂದ ಅದೇ ಹೆಸರು ತಿರುಗಿ ಬಂತು, ಎಲ್ಲರೂ ನಕ್ಕರು. ನಿನ್ನ ಮಗಳಿಗೆ ಯಾವುದಾದರೂ ಕಡಿಮೆಯಲ್ಲಿ ಮುಗಿಯುತ್ತದಾ. "ನಾನು ಸಹನ, ನಮ್ಮಮ್ಮ ಊರಲ್ಲಿಲ್ಲ" ಅಂತ ಕೂಗಿದಳು. ಬೇರೆಯವರಿಗೆಲ್ಲ ತಕ್ಷಣ ಉತ್ತರ ಬಂತು. ಇವಳದು ಬರಲು ತುಂಬ ಹೊತ್ತು ಹಿಡಿಯಿತು, ಕೇಳಿಸಿಕೊಂಡು ಯೋಚನೆ ಮಾಡಿದ ಹಾಗೆ.

ಅದಾಗಿ ಸ್ವಲ್ಪ ದಿನಕ್ಕೆ ಪಕ್ಕದ ತೋಟದ ಭಾರತಮ್ಮನ ಮೊಮ್ಮಗಳು ಮಧ್ಯಾಹ್ನ ಸುಡುವ ಬಿಸಿಲಿನಲ್ಲಿ ಬರಿಗಾಲಲ್ಲಿ ನಮ್ಮ ಪೈಪಿನ ಪಕ್ಕ ನಿಂತಿದ್ದಳು. ಏನೇ ಇಲ್ಲಿ ಅಂದರೆ, "ನಮ್ಮಮ್ಮ ಕರುದ್ಲು, ಅದುಕ್ಕೇ ಬಂದೆ" ಅಂದಳು. ಅವಳ ಅಮ್ಮ ಆ ಹೊತ್ತಿಗೆ ಟೊಮೆಟೊ ಬಿಡಿಸಲು ಬೇರೆ ಕಡೆ ಹೋಗಿದ್ದಳು. ಆಮೇಲೆ ಇನ್ನೊಂದು ಮಗು, ಮತ್ತೊಂದು. ಎಲ್ಲರದೂ ಒಂದೇ ಮಾತು, ಅಮ್ಮ ಕರೆದಳು. ಊರವರು ಹೊಡೆದು, ಬೈದು, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಕ್ಕಳನ್ನು ಇಟ್ಟುಕೊಂಡರು. ಓಗೊಡದಿದ್ದರೆ ಅದಕ್ಕೆ ಬೇಸರವಾಗುತ್ತದೆ ಅಂತ ಕಾಣುತ್ತದೆ, ಅವರನ್ನು ಕರೆಯುವುದು ನಿಂತಿತು. ಅವರ ಅಮ್ಮಂದಿರು ಸಂಜೆಗೆ ಮನೆಗೆ ಬರುತ್ತಿದ್ದರು, ಮಕ್ಕಳಿಗೆ ನಿಜ ಯಾವುದು ಅಂತ ಗೊತ್ತಾಗುತ್ತಿತ್ತು. ನಮ್ಮ ಮಗುವಿನ ಅಮ್ಮ ಧಾರವಾಡದಲ್ಲಿ ಇದ್ದಳು.

ನೀನು ಫೋನ್ ಮಾಡಿದಾಗ ಸಹನ ಬರುವುದೇ ಇಲ್ಲ, ಮಗಳು ನನ್ನನ್ನು ಮರೆತಳು ಅಂತ ಅತ್ತೆಯಲ್ಲ, ಮರೆತಿರಲಿಲ್ಲ ಕಣೇ. "ಅಮ್ಮನ್ ಜೊತೆ ಆಗ್ಲೇ ಮಾತಾಡ್ದೆ" ಅನ್ನುತ್ತಿದ್ದಳು. ಮೊದಲು ನಿಮ್ಮಪ್ಪನ ಫೋನಿನಲ್ಲಿ ಮಾತಾಡಿರಬೇಕು ಅಂದುಕೊಂಡೆ. ಒಂದು ದಿನ ಸ್ನಾನ ಮಾಡಿಸುವಾಗ, "ಅಮ್ಮಂಗೆ ಎಡಗಾಲು ಉಳುಕಿದೆ, ಹಾಸ್ಟೆಲ್ ಮೆಟ್ಟಿಲಲ್ಲಿ ಬಿದ್ಲಂತೆ, ಯಾರಿಗೂ ಹೇಳ್ಬೇಡ ಅಂದಿದಾಳೆ" ಅಂದಳು. ಎಲ್ಲಿ ಹೇಳಿದಳೇ ಅಂದರೆ ತೋಟದ ಕಡೆ ಕೈ ತೋರಿಸಿದಳು. ಆಮೇಲೆ ನಾನು ನಿನ್ನ ರೂಮಿನ ಹುಡುಗಿಗೆ ಮೂರ್ತಿಯಿಂದ ಫೋನ್ ಮಾಡಿಸಿ ಕೇಳಿಸಿದೆ. ನಿಜವಾಗಿಯೂ ಬಿದ್ದಿದ್ದೆ. ಆ ದಿನ ನಾನು ಊಟ ಮಾಡಲಿಲ್ಲ.

ಮಾರನೇ ಮಧ್ಯಾಹ್ನ ಮಗು ಶಾಲೆಯಲ್ಲಿದ್ದಾಗ ನಾನೊಬ್ಬಳೇ ಹೋಗಿ ಕೂತೆ. ಎಲೆ ಅಲುಗುತ್ತಿರಲಿಲ್ಲ, ಆದರೂ ಪೈಪಿನಿಂದ ತಣ್ಣನೆ ಗಾಳಿ ಬರುತ್ತಿತ್ತು, ಮಳೆಯೇ ಬೀಳದ ಜಾಗದಲ್ಲಿ ಒದ್ದೆ ಮಣ್ಣಿನ ವಾಸನೆ. ಮೊದಲು ಬರೀ ಉಸಿರು. ಆಮೇಲೆ ನಿನ್ನ ದನಿ ಬಂತು ಶ್ವೇತಾ. ನೀನು ಮಗುವನ್ನು ಎಬ್ಬಿಸುವಾಗ ಹೇಗೆ ಎಳೆದು ಮುದ್ದು ಮಾಡಿ ಕರೆಯುತ್ತೀಯೋ ಹಾಗೇ, "ಸಾನೂ, ಬಾರೇ, ಎಷ್ಟೊತ್ತು ಕಾಯ್ಲಿ." ನಾನು ಸಾಕಿದ ಮೊಮ್ಮಗಳ ದನಿ ನನಗೆ ಗೊತ್ತಾಗುವುದಿಲ್ಲವಾ.

ಉಮಾಶಂಕರನನ್ನು ಕರೆಸಿದೆ. "ಅಜ್ಜಿ, ಹಗಲು ಹೊತ್ತಲ್ಲಿ ಗಾಳಿ ಒತ್ತಡ ಬದಲಾಗುತ್ತೆ, ಬತ್ತಿದ ಬೋರು ಉಸಿರಾಡುತ್ತೆ, ಅದು ಸೈನ್ಸು" ಅಂತ ಸಮಾಧಾನವಾಗಿ ಹೇಳಿ, ನೋಡಿ ಅಂತ ತಾನೇ ಬಗ್ಗಿ ಕಿವಿಯಿಟ್ಟ. ಪಾಠದ ದಿನ ಮೊದಲು ಹೆಸರು ಹೇಳಿ ತೋರಿಸಿದವನು ಅವನೇ. ಸ್ವಲ್ಪ ಹೊತ್ತಿಗೆ ಮೇಲೆದ್ದ, ಮುಖದಲ್ಲಿ ರಕ್ತವಿರಲಿಲ್ಲ. ಅವನನ್ನೂ ಯಾರೋ ಕರೆದಿದ್ದರು, ನೋಡಿದರೇ ಗೊತ್ತಾಗುತ್ತಿತ್ತು. ಇನ್ನು ಮೇಲೆ ಪಾಠ ಶಾಲೆಯಲ್ಲೇ ಮಾಡೋಣ ಅಂತ ಹೇಳಿ, ಪೈಪಿಗೆ ಮುಚ್ಚಳ ಬಿಗಿದು, ಹೆಲ್ಮೆಟ್ಟನ್ನೂ ಇಲ್ಲೇ ಬಿಟ್ಟು ಹೊರಟುಹೋದ. ನಿಮ್ಮಪ್ಪ ಮುಚ್ಚಳದ ಮೇಲೆ ಮೊದಲಿನ ಚಪ್ಪಡಿಯನ್ನೂ ಎಳೆದ. ಏನು ಪ್ರಯೋಜನ. ಈ ಸುತ್ತಿನಲ್ಲಿ ಫೇಲಾದ ಬೋರಿಗೇನು ಬರವಾ, ನೆಲದೊಳಗೆ ಒಂದಕ್ಕೊಂದು ದಾರಿಯಿದೆ. ಮಗು ಮುನಿಶಾಮಿ ತೋಟದ ಬೋರಿನ ಹತ್ತಿರ ಹೋಗಿ ಕೂರಲು ಶುರು ಮಾಡಿದಳು, ಅದಕ್ಕೆ ಮುಚ್ಚಳವೂ ಇಲ್ಲ, ಪೈಪನ್ನೂ ಕಿತ್ತಿದ್ದಾರೆ, ಬರೀ ಬಾಯಿ. ಗುರುವಾರ ನಾನು ಓಡಿ ಹೋಗಿ ಹಿಡಿದಾಗ ಅವಳು ಎರಡು ಕಾಲನ್ನೂ ಒಳಗೆ ಇಳಿಬಿಟ್ಟಿದ್ದಳು. "ಬಂದೆ ಅಮ್ಮಾ" ಅನ್ನುತ್ತಿದ್ದಳು. ಅವಳನ್ನು ಎಳೆದುಕೊಂಡು ಮನೆಗೆ ಬಂದು ಬಾಗಿಲ ಚಿಲಕ ಹಾಕಿದೆ.

ಶುಕ್ರವಾರದಿಂದ ಅದೆಲ್ಲ ನಿಂತಿದೆ. ಮುನಿಶಾಮಿಯ ಬೋರಿಗೂ ಕಲ್ಲು ತುಂಬಿಸಿದ್ದಾಯಿತು. ನಿನ್ನೆ ರಾತ್ರಿ ನೀನು ಫೋನ್ ಮಾಡಿದಾಗ ಅವಳೇ ಓಡಿ ಬಂದು ಕಿತ್ತುಕೊಂಡಳಲ್ಲ, ಕೇಳಿ ನನಗೂ ಕಣ್ಣು ತುಂಬಿತು. ನಿಮ್ಮ ಟ್ರಸ್ಟಿನ ಮೇಲೆ ಕೋಪ ಮಾಡಿಕೊಳ್ಳಬೇಡ, ಕೆಲಸವನ್ನೂ ಬಿಡಬೇಡ. ಆ ಗುಂಡಿಗಳಲ್ಲಿ ನೀರು ನಿಂತು ಇಳಿದರೆ ಹಸಿವು ತೀರುತ್ತದೆ, ಅದು ಒಳ್ಳೆಯದೇ. ಆದರೆ ಯಾವ ಊರಿಗೆ ಹೋದರೂ ಮಕ್ಕಳ ಕೈಲಿ ಹೆಸರು ಹೇಳಿಸಬೇಡಿ ಅಂತ ನಿಮ್ಮವರಿಗೆಲ್ಲ ಹೇಳು. ನಕ್ಕರೆ ನಗಲಿ. ಉಮಾಶಂಕರನನ್ನು ಮಾತ್ರ ವಿಚಾರಿಸುತ್ತಿರು, ಮಧ್ಯಾಹ್ನದ ಹೊತ್ತು ಒಬ್ಬನೇ ಇರುವುದು ಬೇಡ ಅಂತ ಹೇಳು. ಕುರುಡುಮಲೆ ಗಣಪನಿಗೆ ನಿನ್ನ ಹೆಸರಿನಲ್ಲಿ ತೆಂಗಿನಕಾಯಿ ಹರಕೆ ಹೊತ್ತಿದ್ದೇನೆ, ಬಂದಾಗ ನೀನೇ ಒಡೆಸು. ಕಾಲು ಜೋಪಾನ, ಹೊಟ್ಟೆ ತುಂಬ ಊಟ ಮಾಡು, ನೂರು ವರ್ಷ ಬಾಳು.

ನಿನ್ನ
ಅಜ್ಜಿ

ತಾ.ಕ.: ಕವರಿಗೆ ಹಾಕಿ ಅಂಟಿಸುವವಳಿದ್ದೆ, ಮನಸ್ಸು ತಡೆಯಲಿಲ್ಲ. ಶುಕ್ರವಾರ ಹೇಗೆ ನಿಂತಿತು ಅಂತ ನೀನು ಕೇಳಿಯೇ ಕೇಳುತ್ತೀಯ. ಬೋರು ಕೊರೆಸಿದ ದಿನ ರಿಗ್ಗಿನವನೊಬ್ಬ ನಿನ್ನನ್ನು ಎತ್ತಿಕೊಂಡು ಹೆಸರೇನು ಪಾಪ ಅಂದ, ನೀನು ಪೈಪಿನ ಮೇಲೇ ಬಗ್ಗಿ ಶ್ವೇತ ಅಂತ ಕೂಗಿದೆ. ಆಮೇಲೆ ನೀನೂ ಹೀಗೇ ತೋಟಕ್ಕೆ ಓಡಲು ಶುರು ಮಾಡಿದೆ. ನಿನ್ನ ತಾತ ಹೋಗಿ, ಮಗು ಹೆಸರು ಬಿಡು, ನನ್ನದು ಇಟ್ಟುಕೋ ಅಂತ ತಮ್ಮ ಹೆಸರು ಹೇಳಿ ಬಂದರು, ನಾನು ಪಕ್ಕದಲ್ಲೇ ಇದ್ದೆ. ಈ ಶುಕ್ರವಾರ ನಾನು ಚಪ್ಪಡಿ ಸರಿಸಿ, ಮುಚ್ಚಳ ತೆಗೆದು ನನ್ನ ಹೆಸರು ಹೇಳಿ ಬಂದೆ. ನೀನು ಅಳಬಾರದು, ನನಗೆ ಎಪ್ಪತ್ತು ದಾಟಿತು. ಅಷ್ಟು ವರ್ಷ ಸಂಸಾರ ಮಾಡಿದರೂ ತಾತ ನನ್ನನ್ನು ಒಂದು ಸಲವೂ ಹೆಸರು ಹಿಡಿದು ಕರೆದವರಲ್ಲ, ಏಯ್, ಇವಳೇ, ಅಷ್ಟರಲ್ಲೇ ಮುಗಿಯಿತು. ನಿನ್ನೆ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದೆ, ತೋಟದಿಂದ ತಾತನ ದನಿಯಲ್ಲಿ "ಅಶ್ವತ್ಥಮ್ಮಾ" ಅಂದರು. ಅದು ಅವರಲ್ಲ ಅಂತ ನನಗೆ ಗೊತ್ತು ಕಣೇ. ಆದರೂ ಎಷ್ಟು ಚೆನ್ನಾಗಿ ಕರೆದರು ಅಂತೀಯ. ನಾನಿನ್ನೂ ಓಗೊಟ್ಟಿಲ್ಲ. ನೀನು ಬಂದು ಮಗುವನ್ನು ಕೈಗೆ ತೆಗೆದುಕೊಳ್ಳುವ ತನಕ ತಡೆದುಕೊಂಡಿರುತ್ತೇನೆ, ಬೇಗ ಹೊರಡು.