ಓರಗಿತ್ತಿಯ ಪಾತ್ರೆ

ಮೇ 3

ಹಾಸಿಗೆ ಬಟ್ಟೆ ಒಗೆದು ಹಾಕಿದೆ. ಬಿಸಿನೀರ ಬುಗ್ಗೆ ಕಡೆಯ ಗಾಳಿ, ಎಲ್ಲಕ್ಕೂ ಗಂಧಕದ ವಾಸನೆ. ಮಹಡಿ ರೂಮ್ ಖಾಲಿ. ಹನ್ನೊಂದು ವರ್ಷ ಮೇ ತಿಂಗಳೆಂದರೆ ಅದು ವಾಟ್ಸೆಯದು. ಹಾಲೆಂಡಿನಿಂದ ಬರುತ್ತಿದ್ದ, ಹಕ್ಕಿ ನೋಡಲು. ಈ ಸಲವೂ ಬಂದಿದ್ದಾನೆ... ಎದುರು ಮನೆಗೆ. ಮೈದುನನ ಹೆಂಡತಿ ಝುಲ್ಮಿರಳ ಮನೆಗೆ. ಅವಳು ಪ್ರವಾಸಿಗರಿಗೆ ರೂಮ್ ಬಾಡಿಗೆಗೆ ಕೊಡಲು ಶುರುಮಾಡಿ ಎರಡು ವರ್ಷವೂ ತುಂಬಿಲ್ಲ.

ಬೀದಿಯಲ್ಲಿ ಸಿಕ್ಕ. "ಹೋದ ವರ್ಷ ಒಂದಿನ ಅವರ ಮನೇಲಿ ಊಟ ಮಾಡಿದ್ನಲ್ಲ, ಆ ರುಚಿ ಮರೆಯೋಕಾಗ್ಲಿಲ್ಲ. ತಪ್ಪು ತಿಳ್ಕೋಬೇಡಿ."

ಪರವಾಗಿಲ್ಲ ಅಂದೆ. ಹೊಟ್ಟೆ ಉರಿದುಹೋಯಿತು.

ಮೇ 4

"ಹೋದ್ರೆ ಹೋಗ್ಲಿ ಬಿಡೆ, ಒಬ್ಬ ಗಿರಾಕಿ ತಾನೆ" ಅಂದರು ನಮ್ಮ ಯಜಮಾನರು, ಔರೇಲಿಯು. ಇವರಿಗೇನು. ಅವನ ಒದ್ದೆ ಕಾಲುಚೀಲ ಒಣಗಿಸಿದವಳು ನಾನು. ಜ್ವರ ಬಂದಾಗ ಸೂಪು ಕುಡಿಸಿದವಳು ನಾನು.

ಮೇ 8, ಬೆಳಗ್ಗೆ 7

ಭಾನುವಾರ. ಇವರಿಗೆ ಮಂಡಿನೋವು, ಕೆರೆದಂಡೆಗೆ ನಾನೇ ಹೋದೆ. ದನದ ಮಾಂಸ, ಸಾಸೇಜು, ಕೋಸು, ಕೆಸುವಿನ ಗೆಡ್ಡೆ ತುಂಬಿದ ಪಾತ್ರೆಗೆ ಬಟ್ಟೆ ಕಟ್ಟಿ ನೆಲದ ಹಬೆಯಲ್ಲೇ ಬೇಯಲೆಂದು ಬಿಸಿನೆಲದ ಗುಂಡಿಗೆ ಇಳಿಸಿದೆ. ಮಣ್ಣು ಮುಚ್ಚಿ ಹೆಸರಿನ ಹಲಗೆ ನೆಟ್ಟೆ; ಮಧ್ಯಾಹ್ನ ಅದನ್ನು ನೋಡಿಯೇ ಅವರವರ ಪಾತ್ರೆ ತೆಗೆಯುವುದು. ಪಕ್ಕದ ಗುಂಡಿ ಆಗಲೇ ಮುಚ್ಚಿತ್ತು, ಮಣ್ಣುದಿಬ್ಬದ ಮೇಲೆ ಝುಲ್ಮಿರಳ ಹಲಗೆ.

ಯಾರೂ ಇರಲಿಲ್ಲ. ಎರಡೂ ಹಲಗೆ ಕಿತ್ತು ಅದಲುಬದಲು ಮಾಡಿದೆ.

ಪಾತ್ರೆ ನೋಡಿ ಗೊತ್ತಾಗುವುದಿಲ್ಲ. ಅತ್ತೆ ಇಬ್ಬರು ಸೊಸೆಯರಿಗೂ ಒಂದೇ ಥರದ್ದು ಕೊಟ್ಟಿದ್ದಾರೆ. ವಾಟ್ಸೆ ನನ್ನ ಅಡುಗೆ ತಿಂದು ಅವಳನ್ನು ಹೊಗಳಲಿ. ಆಮೇಲೆ ಎಲ್ಲರ ಮುಂದೆ ಹೇಳುತ್ತೇನೆ.

ಮಧ್ಯಾಹ್ನ 3

ಇವರು ಎರಡನೇ ಸಲ ಬಡಿಸಿಕೊಂಡರು. ಮೂರನೇ ಸಲವೂ. ಇಪ್ಪತ್ತಾರು ವರ್ಷ ಊಟದ ಮಧ್ಯೆ ತುಟಿ ಬಿಚ್ಚದ ಮನುಷ್ಯ — "ಏನೇ, ಇವತ್ತು ಕೈ ಕುದುರಿದೆಯಲ್ಲ. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?"

ನಾನೂ ತಿಂದೆ. ಈ ಡೈರಿಯಲ್ಲಾದರೂ ನಿಜ ಬರೆಯಬೇಕಲ್ಲ. ಚೆನ್ನಾಗಿತ್ತು. ತುಂಬಾ.

"ಕೋಸು ತಾಜಾ ಇತ್ತು" ಅಂದೆ.

ಸಂಜೆ

ಝುಲ್ಮಿರ ಬಂದಿದ್ದಳು. ಅತ್ತು ಕಣ್ಣು ಕೆಂಪು.

"ಅಕ್ಕಾ, ಮಾನ ಹೋಯ್ತು. ವಾಟ್ಸೆ ಅರ್ಧ ತಟ್ಟೆ ಹಾಗೇ ಬಿಟ್ಟು ಎದ್ರು. ಮಾಂಸ ನಾರುನಾರು, ಉಪ್ಪೇ ಹಿಡಿದಿರ್ಲಿಲ್ಲ. ನನ್ನ ಕೈಗೇನಾಯ್ತೋ."

ಒಳಗಿನಿಂದ ಇವರು: "ನಿಮ್ಮಕ್ಕನ್ನ ಕೇಳಮ್ಮ. ಇವತ್ತು ಇವಳು ಮಾಡಿದ್ದು ತಿಂದಿದ್ರೆ ಆ ವಾಟ್ಸೆ ಗಂಟುಮೂಟೆ ಸಮೇತ ವಾಪಸ್ ಬಂದಿರೋನು."

ಅವಳು ನನ್ನ ಕೈ ಹಿಡಿದುಕೊಂಡಳು. "ಮುಂದಿನ ವಾರ ನಂಗೂ ಕಲಿಸ್ಕೊಡು ಅಕ್ಕಾ."

ಅಂಥ ಮೃದು ಕೈ. ಅದಕ್ಕೂ ಹೊಟ್ಟೆಕಿಚ್ಚು.

ಮೇ 14

ನಾಳೆ ಭಾನುವಾರ. ಹೋದ ವಾರದ್ದೇ ರುಚಿ ಬೇಕಂತೆ ಇವರಿಗೆ. ಝುಲ್ಮಿರ ಎರಡೂ ಮನೆಯ ಮಾಂಸ ತಂದು ಅಡುಗೆಮನೆಯಲ್ಲಿ ಕೂತಿದ್ದಾಳೆ. ಅಡುಗೆ ಪುಸ್ತಕ ನೋಡಿ ಬರುತ್ತೇನೆ ಅಂತ ಸುಳ್ಳು ಹೇಳಿ ಈ ಡೈರಿ ಹಿಡಿದು ಕೂತಿದ್ದೇನೆ.

"ಅಕ್ಕಾ, ಉಪ್ಪು ಮೊದಲೇ ಹಾಕ್ತೀಯೋ, ಆಮೇಲೋ?"

ಕೇಳಬೇಕಾದವಳು ನಾನು. ಎದ್ದು ಹೋಗಿ ಹೇಳಿಬಿಡಬೇಕು. ಝುಲ್ಮಿರಾ, ಅವತ್ತು ಹಲಗೆ...